ಕತ್ತಿಗಿಂತ ಮೊದಲು ಕಣ್ಣು

2017ರಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಯುವಕನೊಬ್ಬ ಗಿಟಾರ್ ಹಿಡಿದುಕೊಂಡೇ ಆಪರೇಷನ್ ಥಿಯೇಟರ್‌ನಲ್ಲಿ ಮಲಗಿದ್ದ. ತಂತಿಗೆ ಕೈಯಿಟ್ಟರೆ ಸಾಕು, ಬೆರಳುಗಳು ಸೆಟೆದುಕೊಳ್ಳುತ್ತಿದ್ದವು. ತಲೆಬುರುಡೆಗೆ ಸಣ್ಣ ತೂತು ಕೊರೆದು ವೈದ್ಯರು ಮೆದುಳಿನ ಆಳದ ಒಂದೊಂದೇ ಬಿಂದುವನ್ನು ಸುಡುತ್ತ ಹೋದರು. ಪೂರ್ತಿ ಎಚ್ಚರವಿದ್ದ ಅವನು ನುಡಿಸುತ್ತ ಹೋದ. ಬೆರಳು ಸಡಿಲಗೊಂಡದ್ದು ಅಲ್ಲೇ, ಎಲ್ಲರ ಕಣ್ಣೆದುರು. ಮೆದುಳಿಗೆ ತನ್ನದೇ ನೋವು ತಿಳಿಯುವುದಿಲ್ಲ. ನೆತ್ತಿಯ ಚರ್ಮವನ್ನು ಮರಗಟ್ಟಿಸಿದರೆ ರೋಗಿ ಮಾತಾಡುತ್ತಿರುವಾಗಲೇ ಕೆಲಸ ಮಾಡಬಹುದು. ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಮೂರ್ಛೆರೋಗಿಗಳ ಮೇಲೆ ಇದೇ ವಿಧಾನವನ್ನು ಬಳಸಿ ಮೆದುಳಿನ ನಕ್ಷೆ ಬರೆದರು.

ತಲೆಬುರುಡೆ ಕೊರೆಯುವ ಧೈರ್ಯವೇನೂ ಹೊಸದಲ್ಲ. ಕಾಶ್ಮೀರದ ಬುರ್ಜಹೋಮ್‌ನಲ್ಲಿ ನವಶಿಲಾಯುಗದ ತೂತುಬಿದ್ದ ಬುರುಡೆ ಸಿಕ್ಕಿದೆ. ಪೆರುವಿನಲ್ಲಿ ಸಿಕ್ಕ ಎಷ್ಟೋ ಬುರುಡೆಗಳಲ್ಲಿ ತೂತಿನ ಅಂಚು ಮತ್ತೆ ಬೆಳೆದಿರುವುದರಿಂದ, ಆ ಜನ ಬದುಕಿ ಉಳಿದಿದ್ದರೆಂದು ಹೇಳಬಹುದು. ಕೈಗೆ ಧೈರ್ಯವಿತ್ತು. ಒಳಗೆ ಎಲ್ಲಿ ಏನಿದೆ ಎಂಬುದು ಮಾತ್ರ ಕಾಣುತ್ತಿರಲಿಲ್ಲ. ನರಶಸ್ತ್ರಚಿಕಿತ್ಸೆ ಎಂಬ ಈ ವಿದ್ಯೆಯ ಬೆಳವಣಿಗೆ ಬಹುಮಟ್ಟಿಗೆ ಆ ಕಾಣ್ಕೆಯ ಕಥೆ.

1884ರ ನವೆಂಬರ್ 25ರಂದು ಲಂಡನ್‌ನಲ್ಲಿ ಇಪ್ಪತ್ತೈದರ ಹರೆಯದ ರೈತನೊಬ್ಬನ ತಲೆ ತೆರೆಯಲಾಯಿತು. ಅವನ ಸೆಳೆತ ಮತ್ತು ಕೈಯ ನಿಶ್ಶಕ್ತಿ, ಇವೆರಡನ್ನೇ ನೋಡಿ ಗಡ್ಡೆ ಇಂಥಲ್ಲೇ ಇದೆ ಎಂದು ಹೇಳಿದವರು ಅಲೆಕ್ಸಾಂಡರ್ ಹ್ಯೂಸ್ ಬೆನೆಟ್. ಎಕ್ಸ್-ರೇ ಇನ್ನೂ ಹುಟ್ಟಿರಲಿಲ್ಲ. ರಿಕ್‌ಮನ್ ಗಾಡ್ಲಿ ಕೊರೆದು ನೋಡಿದರೆ ಅಕ್ರೂಟ್ ಗಾತ್ರದ ಗಡ್ಡೆ ಹೇಳಿದ ಜಾಗದಲ್ಲೇ ಕೂತಿತ್ತು! ರೈತ ಸುಮಾರು ನಾಲ್ಕು ವಾರಗಳ ಬಳಿಕ ಸೋಂಕಿನಿಂದ ತೀರಿಕೊಂಡ. ಮೂರು ವರ್ಷ ಕಳೆದ ಮೇಲೆ ವಿಕ್ಟರ್ ಹಾರ್ಸ್ಲೆ, ಕಾಲಿನ ಸ್ವಾಧೀನ ಕಳೆದುಕೊಂಡಿದ್ದ ಮಾಜಿ ಸೇನಾಧಿಕಾರಿಯೊಬ್ಬನ ಬೆನ್ನುಹುರಿಯನ್ನು ಒತ್ತುತ್ತಿದ್ದ ಗಡ್ಡೆ ತೆಗೆದರು. ತೆರೆದ ಜಾಗದಲ್ಲಿ ಮೊದಲಿಗೆ ಏನೂ ಸಿಗಲಿಲ್ಲ. ಇನ್ನಷ್ಟು ಮೇಲಕ್ಕೆ ಬಿಡಿಸಿದಾಗ ಸಿಕ್ಕಿತು. ಆತ ಮತ್ತೆ ನಡೆದಾಡಿ ಕೆಲಸಕ್ಕೆ ಮರಳಿದ.

ಕಂಡರೂ ರಕ್ತ ನಿಲ್ಲಬೇಕಲ್ಲ. ಅಮೆರಿಕದ ಹಾರ್ವಿ ಕುಶಿಂಗ್ ರಕ್ತನಾಳಕ್ಕೆ ಬೆಳ್ಳಿಯ ಕ್ಲಿಪ್ ಹಾಕುವ ಉಪಾಯ ಕಂಡುಕೊಂಡರು. 1926ರಲ್ಲಿ ವಿಲಿಯಂ ಬೋವಿಯ ವಿದ್ಯುತ್ ಉಪಕರಣ ಬಳಸಿ, ರಕ್ತಸ್ರಾವಕ್ಕೆ ಹೆದರಿ ಹಿಂದೆ ಅರ್ಧಕ್ಕೇ ಬಿಟ್ಟಿದ್ದ ಗಡ್ಡೆಯನ್ನು ಪೂರ್ತಿಯಾಗಿ ತೆಗೆದರು. ಗಂಟೆಗಟ್ಟಲೆ ನಿಂತು, ಅವಸರವಿಲ್ಲದೆ, ಪ್ರತಿ ರೋಗಿಯ ದಾಖಲೆ ಇಟ್ಟು ಕೆಲಸ ಮಾಡಿದ ಕುಶಿಂಗ್ ಈ ಶಾಖೆಯನ್ನು ಕಟ್ಟಿದವರಲ್ಲಿ ಮೊದಲಿಗರು ಎನ್ನಲು ಅಡ್ಡಿಯಿಲ್ಲ.

ದಾರಿಯಲ್ಲಿ ಕತ್ತಲೂ ಇತ್ತು. ಮೆದುಳಿನ ರಕ್ತನಾಳಗಳನ್ನು ಎಕ್ಸ್-ರೇಯಲ್ಲಿ ತೋರಿಸುವ ಆಂಜಿಯೋಗ್ರಫಿಯನ್ನು 1927ರಲ್ಲಿ ಕೊಟ್ಟ ಪೋರ್ಚುಗಲ್‌ನ ಎಗಾಸ್ ಮೊನಿಜ್ ಅವರೇ, 1935ರಲ್ಲಿ ಮನೋರೋಗಿಗಳ ಮುಂಮೆದುಳಿನ ಸಂಪರ್ಕ ಕಡಿಯುವ ಶಸ್ತ್ರಚಿಕಿತ್ಸೆಯನ್ನೂ ಆರಂಭಿಸಿದರು. 1949ರ ನೊಬೆಲ್ ಬಂದದ್ದು ಇದಕ್ಕೆ. ಸಾವಿರಾರು ಜನರ ವ್ಯಕ್ತಿತ್ವವನ್ನೇ ಕಸಿದ ಆ ಚಿಕಿತ್ಸೆಯನ್ನು ಈ ಶಾಖೆ ಮರೆಯಬಾರದು.

ದೊಡ್ಡ ತಿರುವು ಬಂದದ್ದು 1971ರ ಅಕ್ಟೋಬರ್ 1ರಂದು. ಲಂಡನ್‌ನ ಅಟ್ಕಿನ್ಸನ್ ಮೋರ್ಲೆ ಆಸ್ಪತ್ರೆಯಲ್ಲಿ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅವರ ಯಂತ್ರ ಒಬ್ಬ ಮಹಿಳೆಯ ತಲೆಯನ್ನು ಪದರ ಪದರವಾಗಿ ಚಿತ್ರಿಸಿತು. ಲೆಕ್ಕ ಹಾಕಲು ಟೇಪನ್ನು ಊರಿನ ಇನ್ನೊಂದು ಕಡೆಗೆ ಒಯ್ಯಬೇಕಾಯಿತು. ಚಿತ್ರದಲ್ಲಿ ಗಡ್ಡೆ ಇತ್ತು. ಬೆನೆಟ್ ಊಹಿಸಿದ್ದನ್ನು ಸಿ.ಟಿ. ಸ್ಕ್ಯಾನ್ ಎಲ್ಲರಿಗೂ ತೋರಿಸಿತು; ಎಂ.ಆರ್.ಐ. ಇನ್ನೂ ಸ್ಪಷ್ಟವಾಗಿ ತೋರಿಸಿತು. ಅಷ್ಟರಲ್ಲಿ ಜ್ಯೂರಿಕ್‌ನಲ್ಲಿ ಟರ್ಕಿ ಮೂಲದ ಗಾಜಿ ಯಸಾರ್ಗಿಲ್ ಮೈಕ್ರೋಸ್ಕೋಪಿನಡಿ ಆಪರೇಷನ್ ಮಾಡಿ, ಕೂದಲೆಳೆಯಂಥ ನಾಳಗಳನ್ನೂ ಉಳಿಸಬಹುದೆಂದು ತೋರಿಸಿದ್ದರು.

ಭಾರತದಲ್ಲಿ ಈ ವಿದ್ಯೆ 1949ರಲ್ಲಿ ವೆಲ್ಲೂರಿನಲ್ಲಿ ಬೇರೂರಿತು. ನೆಟ್ಟವರು ಪೆನ್‌ಫೀಲ್ಡ್ ಅವರಲ್ಲಿ ಕಲಿತು ಬಂದ ಜೇಕಬ್ ಚಾಂಡಿ. ಮರುವರ್ಷ ಮದರಾಸಿನಲ್ಲಿ ಬಿ. ರಾಮಮೂರ್ತಿ ಕೆಲಸ ಆರಂಭಿಸಿದರು. ಬೆಂಗಳೂರಿನಲ್ಲಿ ಇದರ ಹೊಣೆ ಹೊತ್ತವರು ಡಾ. ಆರ್. ಮಾರ್ತಾಂಡ ವರ್ಮ. ಜನ ಹುಚ್ಚಾಸ್ಪತ್ರೆ ಎಂದು ಕರೆಯುತ್ತಿದ್ದ ಆವರಣದಲ್ಲಿ ಅವರು ಪಾರ್ಕಿನ್ಸನ್ ಕಾಯಿಲೆಯ ಶಸ್ತ್ರಚಿಕಿತ್ಸೆಗೆ ಹೆಸರಾದರು. 1974ರಲ್ಲಿ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಕೂಡಿ ನಿಮ್ಹಾನ್ಸ್ ಆದಾಗ ಅದರ ಚುಕ್ಕಾಣಿಯೂ ಅವರ ಕೈಯಲ್ಲೇ ಇತ್ತು. ಮನಸ್ಸಿನ ವೈದ್ಯರೂ ಮೆದುಳಿನ ಸರ್ಜನ್‌ರೂ ಒಂದೇ ಸೂರಿನಡಿ ದುಡಿಯುವ ಇಂಥ ಕಡೆ, ಮೊನಿಜ್ ಕಾಲದಂಥ ತಪ್ಪು ಮರುಕಳಿಸುವ ಅಪಾಯ ಕಡಿಮೆ.

ನಮ್ಮ ದೇಶ ಕಲಿತದ್ದಷ್ಟೇ ಅಲ್ಲ, ಕೊಟ್ಟದ್ದೂ ಇದೆ. ಮೆದುಳಿನಲ್ಲಿ ನೀರು ತುಂಬಿ ಮಕ್ಕಳ ತಲೆ ಊದಿಕೊಳ್ಳುವ ಕಾಯಿಲೆಗೆ, ಆ ನೀರನ್ನು ಹೊಟ್ಟೆಗೆ ಹರಿಸುವ ಷಂಟ್ ಎಂಬ ನಳಿಗೆ ಹಾಕುತ್ತಾರೆ. ಉತ್ತರ ಪ್ರದೇಶದ ಶಹಜಹಾನ್‌ಪುರದಲ್ಲಿ ತಯಾರಾಗುವ ಛಾಬ್ರಾ ಷಂಟ್, ವಿದೇಶಿ ಷಂಟಿಗೆ ಹೋಲಿಸಿದರೆ ತೀರಾ ಅಗ್ಗ. ಉಗಾಂಡದ ಮಕ್ಕಳಲ್ಲಿ ಎರಡನ್ನೂ ಹಾಕಿ ನೋಡಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬಡ ತಾಯಂದಿರ ಪಾಲಿಗೆ ಇದು ಆಪರೇಷನ್ ಮಾಡುವ ಯಾವ ರೋಬೋಟಿಗಿಂತಲೂ ದೊಡ್ಡ ಸುದ್ದಿ.

ಬೆನ್ನಿನ ವಿಷಯದಲ್ಲಿ ಮಾತ್ರ ಹಳೆಯ ಭಯ ಹೋಗಿಲ್ಲ. ಜಾರಿದ ಡಿಸ್ಕ್ ನರವನ್ನು ಒತ್ತಿ ಕಾಲುನೋವು ತರುತ್ತದೆ ಎಂದು ಮಿಕ್ಸ್‌ಟರ್ ಮತ್ತು ಬಾರ್ 1934ರಲ್ಲೇ ತೋರಿಸಿಕೊಟ್ಟರೂ, ‘ಬೆನ್ನು ಕೊಯ್ಸಿದ್ರೆ ಕಾಲು ಹೋಗುತ್ತೆ’ ಎಂಬ ಮಾತು ಊರೂರಲ್ಲಿದೆ. ಡಿಸ್ಕ್ ತೊಂದರೆ ಬಹುಪಾಲು ಜನರಿಗೆ ಕೊಯ್ಯದೆಯೇ ವಾಸಿಯಾಗುತ್ತದೆ, ಅದೂ ನಿಜ. ಆದರೆ ಬೆನ್ನುನೋವಿನ ಜೊತೆಗೆ ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ, ಕಾಲಿನ ಬಲ ಕುಗ್ಗಿದರೆ, ಎಣ್ಣೆ ನೀವಿಸಿಕೊಂಡು ನಾಳೆಗೆ ಕಾಯಬೇಡಿ. ಒತ್ತಡಕ್ಕೆ ಸಿಕ್ಕ ನರ ದಿನಗಟ್ಟಲೆ ತಡೆಯುವುದಿಲ್ಲ. ಅಂದೇ, ಎಂ.ಆರ್.ಐ. ಮತ್ತು ನರಶಸ್ತ್ರ ವೈದ್ಯರು ಇರುವ ಆಸ್ಪತ್ರೆಗೆ ಹೋಗಿ.