ಖಾಯಂ ವಿಳಾಸ ಯಾರಿಗಿದೆ?

ಬ್ಯಾಂಕಿನ ಅರ್ಜಿ ಇರಲಿ, ಹೊಸ ಕಂಪನಿಯ ಜಾಯ್ನಿಂಗ್ ಫಾರ್ಮ್ ಇರಲಿ, 'ಖಾಯಂ ವಿಳಾಸ' ಅನ್ನೋ ಕಡೆ ನಾನು ಬರೆಯೋದು ಊರಿನ ಮನೆಯದು. ಬೆಂಗಳೂರಲ್ಲಿ ಎಷ್ಟು ಬಾಡಿಗೆ ಮನೆ ಬದಲಾಯಿಸಿದರೂ ಅದು ಬದಲಾಗಿಲ್ಲ. ಹಾಗೆ ಬರೆಯೋಕೆ ಒಂದು ಮನೆಯೇ ಇಲ್ಲದೆ, ವರ್ಷವಿಡೀ ದಾರಿಯಲ್ಲೇ ಬದುಕುವವರು ಏನು ಬರೀಬೇಕು? ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ನೂರೈವತ್ತು ವರ್ಷದ ಇತಿಹಾಸವಿದೆ.

ಸುಗ್ಗಿ ಮುಗಿದ ಮೇಲೆ ಹೆಳವರು ಎತ್ತಿನ ಮೇಲೆ ಕೂತು ನಮ್ಮೂರಿಗೆ ಬರ್ತಿದ್ರು. ಒಂದೊಂದು ಮನೆತನದ ಮೂಲ ಊರು, ತಲೆಮಾರುಗಳ ಹೆಸರು ಹೇಳಿ ಕಾಳು ಪಡೆದು ಹೋಗೋರು. ಊರವರ ವಿಳಾಸವೆಲ್ಲ ಅವರ ಬಾಯಲ್ಲಿ. ಅವರ ಬಿಡಾರ ಮಾತ್ರ ಇವತ್ತು ಇಲ್ಲಿ, ನಾಳೆ ಮುಂದಿನೂರಲ್ಲಿ.

ಇಂಥ ತಿರುಗಾಟ ಕಂಡರೆ ಬ್ರಿಟಿಷ್ ಆಡಳಿತಕ್ಕೆ ಅನುಮಾನ. 1871ರಲ್ಲಿ ಉತ್ತರ ಭಾರತಕ್ಕೆ 'ಅಪರಾಧಿ ಬುಡಕಟ್ಟುಗಳ ಕಾಯ್ದೆ' ಬಂತು. 1911ರ ಹೊಸ ಕಾಯ್ದೆ ಮದ್ರಾಸ್ ಪ್ರಾಂತ್ಯಕ್ಕೂ ಬಂತು. ಅಲ್ಲಿನ ಕೊರಚರು ಎತ್ತು, ಕತ್ತೆಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರು ಮಾರುತ್ತಿದ್ದವರು. ರೈಲು ಬಂದ ಮೇಲೆ ಆ ವ್ಯಾಪಾರ ಕುಸಿಯಿತು. ಕೆಲಸ ಕಿತ್ತುಕೊಂಡ ಸರ್ಕಾರವೇ ಅವರನ್ನು ಅಪರಾಧಿಗಳ ಪಟ್ಟಿಗೆ ಸೇರಿಸಿತು. ಹೆಸರು ನೋಂದಾಯಿಸಿ ಬೆರಳಚ್ಚು ತೆಗೆದುಕೊಂಡರು. ಎಲ್ಲಿ ವಾಸ, ಯಾವಾಗ ಬಿಡಾರ ಬದಲು ಅಂತ ಮೊದಲೇ ತಿಳಿಸಬೇಕು ಅಂತ ಆದೇಶಿಸಬಹುದಿತ್ತು. ಬೇಕೆನಿಸಿದರೆ ಇಡೀ ಸಮುದಾಯವನ್ನು ಒಂದು ಕಡೆ ಕೂಡಿಹಾಕುವ ಅಧಿಕಾರವೂ ಇತ್ತು. ಮುಂಬಯಿ ಪ್ರಾಂತ್ಯದಲ್ಲಿದ್ದ ಹುಬ್ಬಳ್ಳಿಯಲ್ಲಿ ಇಂಥದ್ದೊಂದು ವಸತಿ ಇತ್ತು. 'ಸೆಟ್ಲಮೆಂಟ್' ಅನ್ನೋ ಹೆಸರು ಅಲ್ಲಿ ಇನ್ನೂ ಬಳಕೆಯಲ್ಲಿದೆ. ಅಂದ್ರೆ, ಅಲೆಮಾರಿಗೆ ಸಿಕ್ಕ ಮೊದಲ ಸರ್ಕಾರಿ ವಿಳಾಸ ಅವನನ್ನ ಕಾಯೋಕೆ ಕೊಟ್ಟದ್ದು.

1952ರ ಆಗಸ್ಟ್ 31ಕ್ಕೆ ಆ ಕಾಯ್ದೆ ಹೋಯ್ತು. ಅಷ್ಟರಲ್ಲಿ 1950ರ ಪ್ರಜಾಪ್ರತಿನಿಧಿ ಕಾಯ್ದೆ ಬಂದಿತ್ತು. ಮತದಾರರ ಪಟ್ಟಿಗೆ ಸೇರಲು ಆ ಕ್ಷೇತ್ರದ 'ಸಾಮಾನ್ಯ ನಿವಾಸಿ' ಆಗಿರಬೇಕು ಅಂತ ಅದು ಹೇಳುತ್ತೆ. ಬರೀ ಮನೆ ಇದ್ದರೆ ಸಾಲದು ಅಂತಲೂ 20ನೇ ಸೆಕ್ಷನ್‌ನಲ್ಲಿದೆ. ಊರಲ್ಲೊಂದು ಮನೆ ಇಟ್ಟುಕೊಂಡಿರೋ ನಾವೆಲ್ಲ ಇದನ್ನ ಒಮ್ಮೆ ಓದಬೇಕು.

ಸೂರಿಲ್ಲದವರಿಗೆ ಚುನಾವಣಾ ಆಯೋಗದ ನಿಯಮ ಇನ್ನೂ ಕುತೂಹಲದ್ದು. ದಾಖಲೆ ಬೇಕಿಲ್ಲ. ಬಿಎಲ್‌ಒ, ಅಂದ್ರೆ ಮತಗಟ್ಟೆ ಮಟ್ಟದ ಅಧಿಕಾರಿ, ರಾತ್ರಿ ಹೊತ್ತು ಬಂದು ಅರ್ಜಿದಾರ ಹೇಳಿದ ಜಾಗದಲ್ಲೇ ಮಲಗ್ತಾನಾ ಅಂತ ನೋಡಬೇಕು. ಒಂದಲ್ಲ, ಒಂದಕ್ಕಿಂತ ಹೆಚ್ಚು ರಾತ್ರಿ. ಹಿಂದೆ ಪೊಲೀಸರು ಹಾಜರಿ ತಗೊಳ್ತಿದ್ದದ್ದು ಹಿಡಿದಿಡೋಕೆ. ಈಗ ಸರ್ಕಾರದ ಮನುಷ್ಯ ಬರೋದು ಪಟ್ಟಿಗೆ ಸೇರಿಸೋಕೆ. ಇದು ಸಣ್ಣ ಬದಲಾವಣೆ ಅಲ್ಲ.

ಆದರೆ ಎರಡನೇ ರಾತ್ರಿ ಅಧಿಕಾರಿ ಬರುವಷ್ಟರಲ್ಲಿ ಬಿಡಾರ ಮುಂದಿನೂರಿಗೆ ಹೋಗಿದ್ದರೆ? 2008ರಲ್ಲಿ ವರದಿ ಕೊಟ್ಟ ರೇಣಕೆ ಆಯೋಗವೂ ರೇಷನ್ ಕಾರ್ಡ್, ಮತದಾರರ ಚೀಟಿ ಇಲ್ಲದ ಅಲೆಮಾರಿಗಳ ಪಾಡನ್ನು ಮುಂದಿಟ್ಟಿತ್ತು. ಲ್ಯಾಪ್‌ಟಾಪ್ ಹಿಡಿದು ಊರೂರು ಸುತ್ತೋ ನಮ್ಮ ಗೆಳೆಯರಿಗೆ ಫಾರ್ಮ್‌ನಲ್ಲಿ ಬರೆಯೋಕೆ ಅಪ್ಪ ಅಮ್ಮನ ಮನೆ ಇದೆ. ತಲೆಮಾರುಗಳಿಂದ ಸುತ್ತುತ್ತಲೇ ಇರುವವರು ಮಾತ್ರ ಒಂದು ಓಟಿಗಾಗಿ ಇವತ್ತಿಗೂ ಮೊದಲು ನಿಲ್ಲಬೇಕು.