ಯೆಹೂದ್ಯನಾದ ಯೇಸು: ವಂಶ, ಮನೆತನ, ಪರಂಪರೆ

ಈಸ್ಟರ್‌ಗೆ ಒಂದು ವಾರ ಮುಂಚಿನ ಭಾನುವಾರವನ್ನು ಕನ್ನಡದ ಕ್ರೈಸ್ತರು ಗರಿಗಳ ಭಾನುವಾರ ಎನ್ನುತ್ತಾರೆ. ಯೇಸು ಕತ್ತೆಮರಿಯ ಮೇಲೆ ಕೂತು ಯೆರೂಸಲೇಮಿಗೆ ಬಂದಾಗ ಜನ ಗರಿ ಹಿಡಿದು ಎದುರುಗೊಂಡ ದಿನದ ನೆನಪು ಅದು. ಯೋಹಾನನ ಸುವಾರ್ತೆ ಹೇಳುವುದು ಖರ್ಜೂರದ ಗರಿಯನ್ನು. ದಕ್ಷಿಣ ಭಾರತದಲ್ಲಿ ಸಾಮಾನ್ಯವಾಗಿ ಅದರ ಜಾಗಕ್ಕೆ ತೆಂಗಿನ ಗರಿ ಬಂದಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಕಲ್ಪತರು ನಾಡಿನಲ್ಲಂತೂ ಗರಿಗೆ ಬರವಿಲ್ಲ. ಆದರೆ ಗರಿ ಹಿಡಿಯುವ ಆ ಪದ್ಧತಿ ಕ್ರೈಸ್ತ ಧರ್ಮಕ್ಕಿಂತ ಹಳೆಯದು, ಅದು ಯೆಹೂದ್ಯರದು. ಯೇಸುವಿನ ಹುಟ್ಟು, ಹೆಸರು, ಊಟ, ಉಡುಪು, ಪ್ರಾರ್ಥನೆ, ಸಾವು, ಇವುಗಳಲ್ಲಿ ಯಾವುದನ್ನು ಕೆದಕಿದರೂ ನಾವು ಬಂದು ನಿಲ್ಲುವುದು ಯೆಹೂದ್ಯರ ಮನೆಯಂಗಳದಲ್ಲೇ.

ಎರಡು ವಂಶಾವಳಿ

ಹಳೇ ಮೈಸೂರಿನ ಹಳ್ಳಿಗಳಿಗೆ ಎತ್ತಿನ ಮೇಲೆ ಬರುತ್ತಿದ್ದ ಹೆಳವರು ಮನೆ ಬಾಗಿಲಲ್ಲಿ ನಿಂತು ಆ ಮನೆತನದ ತಲೆಮಾರುಗಳನ್ನು ಒಪ್ಪಿಸುತ್ತಿದ್ದರು. ಮತ್ತಾಯನ ಸುವಾರ್ತೆ ಶುರುವಾಗುವುದೂ ಹಾಗೆಯೇ. ಅಬ್ರಹಾಮನಿಂದ ದಾವೀದನವರೆಗೆ 14 ತಲೆಮಾರು, ದಾವೀದನಿಂದ ಯೆಹೂದ್ಯರು ಬಾಬಿಲೋನಿಗೆ ಸೆರೆಹೋದವರೆಗೆ 14, ಅಲ್ಲಿಂದ ಕ್ರಿಸ್ತನವರೆಗೆ 14 ಎಂದು ಅವನ ಲೆಕ್ಕ. ಲೆಕ್ಕ ಸರಿಹೊಂದಲು ನಡುವಿನ ಕೆಲವು ಅರಸರನ್ನು ಬಿಟ್ಟೂ ಇದ್ದಾನೆ. ಇಬ್ರಿಯ ಅಕ್ಷರಗಳಿಗೆ ಅಂಕಿಯ ಬೆಲೆಯುಂಟು. ದಾವೀದನ ಹೆಸರಿನ ಅಕ್ಷರಗಳನ್ನು ಕೂಡಿದರೆ ಬರುವುದು 14. ಯೇಸು ದಾವೀದನ ಮನೆತನದವನು, ಯೆಹೂದ್ಯರು ಕಾದಿದ್ದ ಅಭಿಷಿಕ್ತ ಅರಸ ಇವನೇ ಎಂದು ಸಾಧಿಸುವುದು ಮತ್ತಾಯನ ಉದ್ದೇಶ.

ಲೂಕನದು ಬೇರೆ ದಾರಿ. ಅವನು ಯೇಸುವಿನಿಂದ ಹಿಂದಕ್ಕೆ ಹೋಗಿ, 70ಕ್ಕೂ ಹೆಚ್ಚು ಹೆಸರುಗಳನ್ನು ದಾಟಿ, ಆದಾಮನನ್ನೇ ಮುಟ್ಟುತ್ತಾನೆ. ದಾವೀದನ ನಂತರ ಮತ್ತಾಯ ಸೊಲೊಮೋನನ ಕವಲು ಹಿಡಿದರೆ ಲೂಕ ನಾತಾನನ ಕವಲು ಹಿಡಿಯುತ್ತಾನೆ. ಯೇಸುವಿನ ತಾಯಿ ಮರಿಯಳ ಗಂಡ ಯೋಸೇಫನ ತಂದೆಯ ಹೆಸರೂ ಒಬ್ಬನಲ್ಲಿ ಯಾಕೋಬ, ಇನ್ನೊಬ್ಬನಲ್ಲಿ ಹೇಲೀ. ಒಂದು ಪಟ್ಟಿ ಮರಿಯಳ ಕಡೆಯದೆಂದು ಹಲವರು ಸಮಾಧಾನ ಹೇಳಿದ್ದಾರೆ; ಆದರೆ ಎರಡೂ ಪಟ್ಟಿಗಳು ಹೆಸರಿಸುವುದು ಯೋಸೇಫನನ್ನೇ. ಇವನ್ನು ಜನನ ದಾಖಲೆಯಂತೆ ಓದುವುದಕ್ಕಿಂತ ಇಬ್ಬರು ಬರಹಗಾರರ ಎರಡು ವಾದಗಳೆಂದು ಓದುವುದೇ ಸರಿ. ಯೇಸು ಯೆಹೂದ್ಯ ಎಂಬ ವಿಷಯದಲ್ಲಿ ಇಬ್ಬರಿಗೂ ಭಿನ್ನಮತವಿಲ್ಲ.

ಮತ್ತಾಯನ ಪಟ್ಟಿಯಲ್ಲಿ ಗಂಡಸರ ನಡುವೆ, ಮರಿಯಳಲ್ಲದೆ, ನಾಲ್ವರು ಹೆಂಗಸರಿದ್ದಾರೆ: ತಾಮಾರ್, ರಾಹಾಬ್, ರೂತ್, ಊರೀಯನ ಹೆಂಡತಿಯಾಗಿದ್ದವಳು. ರಾಹಾಬಳು ಯೆರಿಕೋ ಊರಿನ ಕಾನಾನ್ಯಳು, ರೂತಳು ಮೋವಾಬಿನವಳು. ಇಬ್ಬರೂ ಹೊರಗಿನಿಂದ ಬಂದವರು. ಗಂಡ ಸತ್ತ ಮೇಲೂ ಅತ್ತೆಯ ಕೈಬಿಡದೆ ಬೇತ್ಲೆಹೇಮಿಗೆ ಬಂದು ಹೊಲದಲ್ಲಿ ಹಕ್ಕಲು ಆಯ್ದ ರೂತಳು ದಾವೀದನ ಮುತ್ತಜ್ಜಿ. ವಂಶಶುದ್ಧಿಯ ಜಂಬ ಕೊಚ್ಚಿಕೊಳ್ಳುವ ಪಟ್ಟಿಯಾಗಿದ್ದರೆ ಇವರ ಹೆಸರು ಅದರಲ್ಲಿ ಇರುತ್ತಿರಲಿಲ್ಲ.

ಮನೆ, ಊರು, ಭಾಷೆ

ಯೆಹೂದ್ಯ ನಾಡಿನ ಅರಸ ಹೆರೋದ ಸತ್ತದ್ದು ಕ್ರಿ.ಪೂ. 4ರಲ್ಲಿ. ಯೇಸು ಹುಟ್ಟಿದ್ದು ಅದಕ್ಕೆ ಸ್ವಲ್ಪ ಮುಂಚೆ. ಬೆಳೆದದ್ದು ಗಲಿಲಾಯದ ನಜರೇತ್ ಎಂಬ ಸಣ್ಣ ಹಳ್ಳಿಯಲ್ಲಿ. ಮನೆಮಾತು ಅರಮಾಯ, ಶಾಸ್ತ್ರದ ಭಾಷೆ ಇಬ್ರಿಯ. ಮಾರ್ಕನ ಸುವಾರ್ತೆ ಕೊಡುವ ತಮ್ಮಂದಿರ ಹೆಸರುಗಳು ಯಾಕೋಬ, ಯೋಸೆ, ಯೂದ, ಸಿಮೋನ. ಆ ಕಾಲದ ಯೆಹೂದ್ಯರಲ್ಲಿ ಬೀದಿಗೊಂದು ಸಿಗುತ್ತಿದ್ದ ಹೆಸರುಗಳಿವು.

ಎಂಟನೆಯ ದಿನ ಮಗುವಿಗೆ ಸುನ್ನತಿಯಾಯಿತು ಎನ್ನುತ್ತಾನೆ ಲೂಕ. ಡಿಸೆಂಬರ್ 25ರಿಂದ ಎಣಿಸಿದರೆ ಎಂಟನೆಯ ದಿನ ಜನವರಿ 1. ಹಾಗಾಗಿಯೇ ಹಲವು ಸಭೆಗಳ ಪಂಚಾಂಗದಲ್ಲಿ ಹೊಸ ವರ್ಷದ ಆ ದಿನ ಬಹುಕಾಲ ಕರ್ತನ ಸುನ್ನತಿಯ ಹಬ್ಬವಾಗಿತ್ತು. ಬಾಣಂತಿಯ ಶುದ್ಧಿಗಾಗಿ ತಂದೆತಾಯಿ ದೇವಾಲಯದಲ್ಲಿ ಅರ್ಪಿಸಿದ್ದು ಎರಡು ಹಕ್ಕಿಗಳನ್ನು. ಕುರಿಮರಿ ತರಲಾಗದ ಬಡವರಿಗೆ ಯಾಜಕಕಾಂಡ ಕೊಟ್ಟ ರಿಯಾಯಿತಿ ಅದು. ಅರಸು ಮನೆತನದವರೆಂದು ಹೇಳಿಕೊಂಡರೂ ಕೈ ಬರಿದಾಗಿತ್ತು ಎಂದಾಯಿತು. ವರ್ಷಕ್ಕೊಮ್ಮೆ ಯೆಹೂದ್ಯರ ಬಿಡುಗಡೆಯ ಹಬ್ಬವಾದ ಪಸ್ಕಕ್ಕೆ ಇಡೀ ಮನೆ ಯೆರೂಸಲೇಮಿಗೆ ಹೋಗುತ್ತಿತ್ತು.

ಬೋಧಕನಾಗಿ

ಸಬ್ಬತ್ ದಿನ, ಅಂದರೆ ಶನಿವಾರ, ಯೇಸು ಸಭಾಮಂದಿರಕ್ಕೆ ಹೋಗುತ್ತಿದ್ದ. ನಜರೇತಿನಲ್ಲಿ ಎದ್ದು ನಿಂತು ಓದಿದ್ದು ಯೆಶಾಯ ಪ್ರವಾದಿಯ ಸುರುಳಿಯನ್ನು. ರಕ್ತಸ್ರಾವದ ಕಾಯಿಲೆಯ ಹೆಂಗಸು ಹಿಂದಿನಿಂದ ಬಂದು ಮುಟ್ಟಿದ್ದು ಅವನ ಬಟ್ಟೆಯ ಗೊಂಡೆಯನ್ನು. ದೇವರ ಆಜ್ಞೆಗಳ ನೆನಪಿಗೆ ಬಟ್ಟೆಯ ಮೂಲೆಗೆ ಗೊಂಡೆ ಕಟ್ಟಿಕೊಳ್ಳಬೇಕೆಂದು ಅರಣ್ಯಕಾಂಡ ಹೇಳುತ್ತದೆ. ಎಲ್ಲಕ್ಕಿಂತ ದೊಡ್ಡ ಆಜ್ಞೆ ಯಾವುದೆಂದು ಕೇಳಿದಾಗ ಅವನು ಹೊಸದೇನನ್ನೂ ಹೇಳಲಿಲ್ಲ. ಒಬ್ಬನೇ ದೇವರನ್ನು ಪೂರ್ಣ ಮನಸ್ಸಿನಿಂದ ಪ್ರೀತಿಸಬೇಕೆಂಬ ಧರ್ಮೋಪದೇಶಕಾಂಡದ ಮಾತನ್ನೂ, ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಯಾಜಕಕಾಂಡದ ಮಾತನ್ನೂ ಜೋಡಿಸಿ ಕೊಟ್ಟ. ಮೊದಲನೆಯದನ್ನು ಯೆಹೂದ್ಯರು ಇಂದಿಗೂ ಬೆಳಿಗ್ಗೆ, ಸಂಜೆ ಪಠಿಸುತ್ತಾರೆ.

ಧರ್ಮಶಾಸ್ತ್ರನಿಷ್ಠ ಯೆಹೂದ್ಯ ಪಂಗಡವಾದ ಫರಿಸಾಯರೊಂದಿಗೆ ಅವನ ಜಗಳ ಪ್ರಸಿದ್ಧ. ಸಬ್ಬತ್ತಿನಲ್ಲಿ ರೋಗಿಯನ್ನು ಗುಣಪಡಿಸಬಹುದೇ, ಹೆಂಡತಿಗೆ ವಿಚ್ಛೇದನ ಯಾವಾಗ ಕೊಡಬಹುದು ಎಂಬ ಚರ್ಚೆಗಳು ಹಿಲ್ಲೇಲ್, ಶಮ್ಮಾಯ್ ಎಂಬ ಗುರುಗಳ ಶಿಷ್ಯರ ನಡುವೆಯೂ ನಡೆದಿದ್ದವು. ಧರ್ಮಶಾಸ್ತ್ರವನ್ನು ಒಪ್ಪಿಕೊಂಡವರು ಮಾತ್ರ ಅದರ ಅರ್ಥಕ್ಕಾಗಿ ಹಾಗೆ ವಾದಿಸಬಲ್ಲರು. ಒಳಮನೆಯ ಈ ವಾದವನ್ನು ಮುಂದಿನವರು ಎರಡು ಧರ್ಮಗಳ ಹೊಡೆದಾಟವೆಂದು ಓದಿದರು. ಅನಾಹುತ ಶುರುವಾದದ್ದು ಅಲ್ಲಿಂದ.

ಗರಿಯ ಹಿಂದಿನ ರಾಜಕೀಯ

ಯೆಹೂದ್ಯರ ಪರ್ಣಶಾಲೆಗಳ ಹಬ್ಬದಲ್ಲಿ ಖರ್ಜೂರದ ಗರಿ, ಸುಗಂಧದ ಎಲೆಯ ಗಿಡವೊಂದರ ರೆಂಬೆ, ನೀರವಂಜಿಯ ರೆಂಬೆ, ಮಾದಲ ಜಾತಿಯ ಹಣ್ಣು, ಈ ನಾಲ್ಕನ್ನು ಕೈಯಲ್ಲಿ ಹಿಡಿದು ಬೀಸುತ್ತಾ ಕೀರ್ತನೆ ಹಾಡುತ್ತಾರೆ. ಯೇಸುವನ್ನು ಎದುರುಗೊಂಡವರು ಕೂಗಿದ 'ಹೊಸನ್ನ' ಬಂದದ್ದು ಆಗ ಹಾಡುವ 118ನೆಯ ಕೀರ್ತನೆಯಿಂದ. ಖರ್ಜೂರ ನಮಗೆ ತೀರ ಅಪರಿಚಿತ ಮರವೇನಲ್ಲ, ಹಳ್ಳದ ದಡದ ಈಚಲಿನ ಹತ್ತಿರದ ಬಂಧು.

ಅದು ಹಬ್ಬದ ಗರಿ ಮಾತ್ರವಾಗಿರಲಿಲ್ಲ. ಕ್ರಿ.ಪೂ. 141ರಲ್ಲಿ ಯೆಹೂದ್ಯ ಮುಂದಾಳು ಮಕ್ಕಬಿಯರ ಸಿಮೋನ ಪರಕೀಯರ ಕಾವಲು ಪಡೆಯನ್ನು ಯೆರೂಸಲೇಮಿನ ಕೋಟೆಯಿಂದ ಓಡಿಸಿದಾಗ ಜನ ಒಳಗೆ ಹೋದದ್ದು ಖರ್ಜೂರದ ಗರಿ ಹಿಡಿದೇ. ರೋಮಿನ ವಿರುದ್ಧ ದಂಗೆಯೆದ್ದ ಯೆಹೂದ್ಯರು ತಮ್ಮ ನಾಣ್ಯಗಳಲ್ಲಿ ಒತ್ತಿದ್ದು ಆ ಮರದ ಚಿತ್ರ. ದಂಗೆ ಅಡಗಿಸಿದ ರೋಮನ್ನರೂ ತಮ್ಮ ವಿಜಯದ ನಾಣ್ಯದಲ್ಲಿ ಖರ್ಜೂರದ ಮರದಡಿ ಅಳುತ್ತಾ ಕೂತ ಹೆಂಗಸನ್ನು ತೋರಿಸಿದರು. ಯೆಹೂದ್ಯ ನಾಡಿನ ಗುರುತೇ ಆ ಮರ. ಪಸ್ಕದ ಜನಜಂಗುಳಿಯಲ್ಲಿ ದಾವೀದನ ಕುಮಾರನೆಂದು ಕೂಗುತ್ತಾ ಗರಿ ಬೀಸಿದರೆ ರೋಮಿನ ಅಧಿಪತಿ ಪಿಲಾತನಿಗೆ ಅದು ಹೇಗೆ ಕಂಡಿರಬೇಡ? ಕ್ರಿ.ಶ. 30ರ ಆಸುಪಾಸಿನಲ್ಲಿ ಯೇಸುವನ್ನು ಶಿಲುಬೆಗೆ ಏರಿಸಿದ್ದು ಅವನ ಅಪ್ಪಣೆಯಂತೆ. ಶಿಲುಬೆ ರೋಮಿನ ಶಿಕ್ಷೆ. ಮೇಲೆ ಬರೆದು ಹಚ್ಚಿದ ಅಪರಾಧ: ಯೆಹೂದ್ಯರ ಅರಸ.

ದಾರಿ ಕವಲೊಡೆದದ್ದು

ಮೊದಲ ಶಿಷ್ಯರೆಲ್ಲ ಯೆಹೂದ್ಯರು. ಯೇಸುವಿನ ತಮ್ಮ ಯಾಕೋಬನೇ ಯೆರೂಸಲೇಮಿನ ಸಭೆಯ ಮುಂದಾಳು, ಅವನನ್ನು ಕ್ರಿ.ಶ. 62ರಲ್ಲಿ ಕೊಂದ ವಿಷಯವನ್ನು ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಯೆಹೂದ್ಯರಲ್ಲದ ಅನ್ಯಜನರು ಶಿಷ್ಯರಾಗಬೇಕಾದರೆ ಸುನ್ನತಿ ಬೇಕೇ ಎಂಬ ಪ್ರಶ್ನೆ ಸುಮಾರು 49ರಲ್ಲಿ ಎದ್ದಿತು. ಅಪೊಸ್ತಲ ಪೌಲ ಬೇಡವೆಂದ, ಸಭೆಯೂ ಒಪ್ಪಿತು. 70ರಲ್ಲಿ ರೋಮನ್ನರು ದೇವಾಲಯವನ್ನು ಸುಟ್ಟ ಮೇಲೆ ಯೆಹೂದ್ಯರ ಮತ್ತು ಯೇಸುವಿನ ಅನುಯಾಯಿಗಳ ದಾರಿಗಳು ನಿಧಾನವಾಗಿ ದೂರವಾದವು. ಯೇಸುವನ್ನು ಯೆಹೂದ್ಯರು ಮೆಸ್ಸೀಯನೆಂದು, ಅಂದರೆ ತಾವು ಕಾದಿದ್ದ ಅಭಿಷಿಕ್ತನೆಂದು, ಒಪ್ಪುವುದಿಲ್ಲ. ಕ್ರೈಸ್ತರು ದೇವಕುಮಾರನೆಂದು ನಂಬುತ್ತಾರೆ. ಧರ್ಮಸ್ಥಾಪಕ ಎಂದು ಯೇಸುವನ್ನು ಕರೆಯುವುದು ರೂಢಿಯಾದರೂ ತಾನು ಬೇರೊಂದು ಧರ್ಮ ಕಟ್ಟುತ್ತಿದ್ದೇನೆಂದು ಅವನು ಭಾವಿಸಿದ್ದ ಎನ್ನುವುದಕ್ಕೆ ಆಧಾರ ತೆಳು.

ಮರೆಸುವ ಪ್ರಯತ್ನಗಳು

ಎರಡನೆಯ ಶತಮಾನದ ಮಾರ್ಸಿಯನ್ ಎಂಬವನು ಹಳೆಯ ಒಡಂಬಡಿಕೆಯನ್ನೇ ಕಿತ್ತೆಸೆಯಲು ಹೊರಟ. ಸಭೆ ಅವನನ್ನು ಹೊರಹಾಕಿತು, ಪುಸ್ತಕ ಉಳಿಯಿತು. ಆದರೂ ದೇವಕುಮಾರನನ್ನು ಕೊಂದವರು ಎಂಬ ಅಪವಾದ ಹೊತ್ತು ಯೂರೋಪಿನ ಯೆಹೂದ್ಯರು ಶತಮಾನಗಟ್ಟಲೆ ಪೆಟ್ಟು ತಿಂದರು. 1939ರಲ್ಲಿ ಜರ್ಮನಿಯ ಐಸೆನಾಖ್‌ನಲ್ಲಿ, ಕ್ರೈಸ್ತ ಧರ್ಮದಿಂದ ಯೆಹೂದ್ಯ ಪ್ರಭಾವವನ್ನು ತೊಡೆದುಹಾಕಲೆಂದೇ ಒಂದು ಸಂಸ್ಥೆ ತೆರೆಯಿತು. ಅದರ ಮುಖ್ಯಸ್ಥ ವಾಲ್ಟರ್ ಗ್ರುಂಡ್‌ಮನ್ ಯೇಸು ಯೆಹೂದ್ಯನೇ ಅಲ್ಲವೆಂದು ವಾದಿಸಿದ. ವಿದ್ವತ್ತು ಇಷ್ಟು ಕೆಳಗಿಳಿದ ಉದಾಹರಣೆ ವಿರಳ.

ಎರಡನೆಯ ಮಹಾಯುದ್ಧದ ನಂತರ ಗಾಳಿ ತಿರುಗಿತು. 1965ರ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯ 'ನಾಸ್ತ್ರಾ ಏಟಾಟೆ' ಘೋಷಣೆ ದೇವಕುಮಾರನನ್ನು ಕೊಂದವರೆಂಬ ಆ ಅಪವಾದವನ್ನು ತಳ್ಳಿಹಾಕಿತು. ವಿದ್ವಾಂಸ ಗೇಜಾ ವರ್ಮೆಶ್ ಬರೆದ 'ಜೀಸಸ್ ದಿ ಜ್ಯೂ' 1973ರಲ್ಲಿ ಬಂತು. ಇಂದು ಗಂಭೀರ ಇತಿಹಾಸಕಾರರಲ್ಲಿ ಯೇಸು ಯೆಹೂದ್ಯನೆಂಬ ಬಗ್ಗೆ ತಕರಾರಿಲ್ಲ. ಹೊಂಗೂದಲು, ನೀಲಿ ಕಣ್ಣಿನ ಕ್ಯಾಲೆಂಡರ್ ಚಿತ್ರವೊಂದು ಮಾತ್ರ ಗೋಡೆಯಿಂದ ಇಳಿದಿಲ್ಲ.

ಗುಬ್ಬಿಗೆ ಬಂದ ಪುಸ್ತಕ

ಇದೇ ಯೆಹೂದ್ಯ ಪರಂಪರೆ ಪುಸ್ತಕದ ರೂಪದಲ್ಲಿ ಕಲ್ಪತರು ನಾಡಿಗೂ ಬಂತು. ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ನೆರೆಯ ತಾಲ್ಲೂಕು ಗುಬ್ಬಿ. ವೆಸ್ಲಿಯನ್ ಮಿಷನರಿ ಥಾಮಸ್ ಹಾಡ್ಸನ್ 1837ರಲ್ಲಿ ಅಲ್ಲಿ ನೆಲೆ ಹೂಡಿದರು. 1839ರಲ್ಲಿ ವಿಲಿಯಂ ಆರ್ಥರ್ ಬಂದರು. ಆರ್ಥರ್ ತಮ್ಮ ಅನುಭವವನ್ನು 1847ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅವರು ಬರುವ ಹೊತ್ತಿಗೆ ಕನ್ನಡ ಬೈಬಲ್ ಸಿದ್ಧವಿತ್ತು: 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಮುಂತಾದವರ ದುಡಿಮೆಯ ಫಲ ಅದು. ಅದರಲ್ಲಿ ಸುವಾರ್ತೆಗಳ ಜೊತೆಗೆ ಆದಿಕಾಂಡದಿಂದ ಮಲಾಕಿಯವರೆಗಿನ ಯೆಹೂದ್ಯರ ಇಡೀ ಗ್ರಂಥಭಂಡಾರ ಕನ್ನಡಕ್ಕೆ ಬಂದಿತ್ತು. ಪುಟ ಲೆಕ್ಕ ಹಾಕಿದರೆ ಕನ್ನಡ ಬೈಬಲಿನ ಮುಕ್ಕಾಲು ಪಾಲು ಅದೇ. ಮುಂದೆ ಮಿಷನರಿ ಫರ್ಡಿನಾಂಡ್ ಕಿಟ್ಟೆಲ್ 1862ರ 'ಕಥಾಮಾಲೆ'ಯಲ್ಲಿ ಯೇಸುವಿನ ಕಥೆಯನ್ನು ದೇಶೀ ಛಂದಸ್ಸಿಗೆ ತಂದರು. 

ನಮ್ಮ ನೆಲದಲ್ಲಿ ಯೆಹೂದ್ಯರು

ಮಿಷನರಿಗಳಿಗಿಂತ 700 ವರ್ಷ ಮೊದಲೇ ಕರ್ನಾಟಕದ ಕರಾವಳಿಯಲ್ಲಿ ಯೆಹೂದ್ಯ ವ್ಯಾಪಾರಿಯೊಬ್ಬ ಬಾಳಿದ್ದ. ಟುನೀಸಿಯ ಮೂಲದ ಅಬ್ರಹಾಂ ಬೆನ್ ಯಿಜು 1132ರಿಂದ 1149ರವರೆಗೆ ಮಂಗಳೂರಿನಲ್ಲಿ ಮೆಣಸು, ಅಡಿಕೆ ವ್ಯಾಪಾರ ಮಾಡಿದ, ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ, ಆಶು ಎಂಬ ಇಲ್ಲಿನ ಹೆಂಗಸನ್ನು ಮದುವೆಯಾದ. ಅವನ ಪತ್ರಗಳು ಸಿಕ್ಕಿದ್ದು ಕೈರೋದ ಸಭಾಮಂದಿರವೊಂದರ ಹಳೆಯ ಕಾಗದಗಳ ಕೋಣೆಯಲ್ಲಿ.

ಗಾಣದ ಎಣ್ಣೆ, ಕೊಬ್ಬರಿ ಬಲ್ಲ ಜನಕ್ಕೆ ಕೊಂಕಣದ ಬೆನೆ ಇಸ್ರೇಲರ ಕಥೆ ಹಿಡಿಸೀತು. ಗಾಣ ಆಡಿಸುವುದು ಅವರ ಕಸುಬಾಗಿತ್ತು. ಸಬ್ಬತ್ತಿನ ದಿನ ಗಾಣ ನಿಲ್ಲಿಸುತ್ತಿದ್ದರಿಂದ ನೆರೆಯವರು ಅವರನ್ನು 'ಶನಿವಾರ ತೇಲಿ' ಎಂದು ಕರೆದರು. ಎಲೀಯ ಪ್ರವಾದಿಯ ಹೆಸರಿನಲ್ಲಿ ಅವರು ಮಾಡುವ 'ಮಲಿದಾ' ನೈವೇದ್ಯಕ್ಕೆ ಅವಲಕ್ಕಿ, ಸಕ್ಕರೆ, ಏಲಕ್ಕಿ, ತೆಂಗಿನಕಾಯಿ ತುರಿ ಬೇಕೇ ಬೇಕು. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಯೆಹೂದ್ಯರ ಸ್ಮಶಾನವೊಂದಿದೆ. ಅದಕ್ಕೆ 1904ರಲ್ಲಿ ಜಾಗ ಕೊಟ್ಟವರು ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು.