ಜೇಬಿನ ಕಡಲೆ, ಮೈಸೂರಿನ ಹಿಟ್ಟು

ಕಳೆದ ವರ್ಷ ನನ್ನ ಸಂಶೋಧನಾ ವೇತನ ನಾಲ್ಕು ತಿಂಗಳು ಬರಲಿಲ್ಲ. ನೆಲಮಂಗಲದ ಪಕ್ಕದ ಅರಿಶಿನಕುಂಟೆಯಲ್ಲಿ ಬಾಡಿಗೆ ಕೋಣೆ, ಬೆಂಗಳೂರಿನ ಗ್ರಂಥಾಲಯಕ್ಕೆ ದಿನವೂ ತುಮಕೂರು ರಸ್ತೆಯ ಬಸ್ಸು. ಇವೆರಡನ್ನೂ ಬಿಡುವಂತಿರಲಿಲ್ಲ, ಕಡಿಮೆ ಮಾಡಬಹುದಾಗಿದ್ದದ್ದು ಊಟ ಮಾತ್ರ. ಮಧ್ಯಾಹ್ನಕ್ಕೆ ಹುರಿಗಡಲೆ, ಹುರಿದ ಕಡಲೆಕಾಯಿ ಬೀಜದ ಪೊಟ್ಟಣ ಕಟ್ಟಿಕೊಂಡು ಹೋಗತೊಡಗಿದೆ. 100 ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್, ಹುರಿಗಡಲೆಯಲ್ಲಿ ಸುಮಾರು 20. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ಪ್ರಮಾಣ ದೇಹತೂಕದ ಕಿಲೋಗೆ 0.83 ಗ್ರಾಂ, 60 ಕಿಲೋ ತೂಗುವ ನನಗೆ ದಿನಕ್ಕೆ 50 ಗ್ರಾಂ ಸಾಕು. ಕಾಗದದ ಮೇಲೆ ಲೆಕ್ಕ ಸರಿಹೋಯಿತು. ಆದರೂ ಸಂಜೆ ನಾಲ್ಕಾಗುವಷ್ಟರಲ್ಲಿ ಪುಟದ ಅಕ್ಷರಗಳು ತೇಲುತ್ತಿದ್ದವು.

ಇದೇ ಲೆಕ್ಕವನ್ನು ಇಡೀ ದೇಶಕ್ಕಾಗಿ ಹಾಕಿದವರು ಮೈಸೂರಿನಲ್ಲಿದ್ದರು. 1950ರ ಅಕ್ಟೋಬರಿನಲ್ಲಿ ಅಲ್ಲಿನ ಚೆಲುವಾಂಬ ಅರಮನೆಯಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಆರಂಭವಾಯಿತು. ಅದರ ಮೊದಲ ನಿರ್ದೇಶಕ ವಿ. ಸುಬ್ರಹ್ಮಣ್ಯನ್ ಅದಕ್ಕೂ ಮುಂಚೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಅಮೆರಿಕದಲ್ಲಿ ಸೋಯಾ ಹಿಟ್ಟಿನಿಂದ ಮಾಡಿದ 'ಬಹೂಪಯೋಗಿ ಆಹಾರ' ಬಡವರಿಗೆಂದು ಆಗಲೇ ಬಂದಿತ್ತು. ಮೈಸೂರಿನವರು ಸೋಯಾ ಬಿಟ್ಟು ನಮ್ಮ ಗಾಣದ ಕಡೆ ನೋಡಿದರು. ಎಣ್ಣೆ ತೆಗೆದ ಮೇಲೆ ಉಳಿಯುವ ಕಡಲೆಕಾಯಿ ಹಿಂಡಿ ದನಕ್ಕೋ ಗೊಬ್ಬರಕ್ಕೋ ಹೋಗುತ್ತಿತ್ತು. ಅದರಲ್ಲಿ ಪ್ರೋಟೀನ್ ಹೆಚ್ಚುಕಡಿಮೆ ಅರ್ಧದಷ್ಟು. ಶುದ್ಧವಾಗಿ ತಯಾರಿಸಿದ ಆ ಹಿಟ್ಟು 75 ಪಾಲು, ಕಡಲೆ ಹಿಟ್ಟು 25 ಪಾಲು, ಜೊತೆಗೆ ಒಂದಿಷ್ಟು ವಿಟಮಿನ್ ಮತ್ತು ಸುಣ್ಣದಂಶ ಸೇರಿ ಭಾರತೀಯ ಬಹೂಪಯೋಗಿ ಆಹಾರವಾಯಿತು. ಓದುತ್ತಾ ನಗು ಬಂತು. ನನ್ನ ಜೇಬಿನ ಪೊಟ್ಟಣವನ್ನೇ ಬೀಸಿದಂತಿತ್ತು.

ಆ ಕನಸಿಗೆ ಪೆಟ್ಟು ಬಿದ್ದದ್ದು ದೂರದಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಅವಕ್ಕೆ ಹಾಕಿದ್ದ ಬ್ರೆಜಿಲ್‌ನ ಕಡಲೆಕಾಯಿ ಹಿಂಡಿಯಲ್ಲಿ ಬೂಷ್ಟು ಬೆಳೆದಿತ್ತು; ಅದರ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಒದ್ದೆಯಲ್ಲಿಟ್ಟ ಕಡಲೆಕಾಯಿ ಎಲ್ಲೇ ಇದ್ದರೂ ಈ ಅಪಾಯ ಇದ್ದದ್ದೇ. ಅಗ್ಗದ ಹಿಟ್ಟನ್ನು ಇನ್ನು ಪರೀಕ್ಷೆಯಿಲ್ಲದೆ ಮಕ್ಕಳ ತಟ್ಟೆಗೆ ಹಾಕುವಂತಿರಲಿಲ್ಲ.

ಇದಕ್ಕಿಂತ ದೊಡ್ಡ ಪ್ರಶ್ನೆ ಎತ್ತಿದವರು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಿ. ಗೋಪಾಲನ್ ಮತ್ತು ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ. 1968ರಲ್ಲಿ ವಿಶ್ವಸಂಸ್ಥೆ ಪ್ರೋಟೀನ್ ಬಿಕ್ಕಟ್ಟು ಬರಲಿದೆಯೆಂದು ಎಚ್ಚರಿಸಿತ್ತು. ಇವರ ವಾದ ಬೇರೆ: ಧಾನ್ಯ, ಬೇಳೆ ಕೂಡಿದ ನಮ್ಮ ಊಟವನ್ನೇ ಹೊಟ್ಟೆ ತುಂಬ ಉಂಡರೆ ಹೆಚ್ಚಿನವರಿಗೆ ಬೇಕಾದ ಪ್ರೋಟೀನ್ ಸಿಗುತ್ತದೆ. ಹೊಟ್ಟೆ ತುಂಬದಿದ್ದರೆ ತಿಂದ ಪ್ರೋಟೀನನ್ನೂ ದೇಹ ಸೌದೆಯಂತೆ ಉರಿಸುತ್ತದೆ. 1974ರಲ್ಲಿ ಡೊನಾಲ್ಡ್ ಮೆಕ್‌ಲಾರೆನ್ ಇಡೀ ಪ್ರೋಟೀನ್ ಗದ್ದಲವನ್ನೇ ದೊಡ್ಡ ಎಡವಟ್ಟು ಎಂದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದರು. ಹಸಿವಿಗೆ ಪ್ರೋಟೀನ್ ಕೊರತೆ ಎಂದು ಹೆಸರಿಟ್ಟರೆ ಒಂದು ಪೊಟ್ಟಣ ಕೊಟ್ಟು ಕೈತೊಳೆದುಕೊಳ್ಳಬಹುದು. ಹಸಿವೆಂದೇ ಕರೆದರೆ ಕೂಲಿ, ಬೆಲೆ, ಜಮೀನಿನ ಮಾತು ಎತ್ತಬೇಕಾಗುತ್ತದೆ.

ಈ ವಾದವನ್ನು ನಾನು ಓದುವ ಮೊದಲೇ ಕೆಳಮನೆಯ ಅಜ್ಜಿ ಹೇಳಿದ್ದರು: "ಬರೀ ಕಡ್ಲೆ ತಿಂದ್ರೆ ಹೊಟ್ಟೆ ತುಂಬ್ತದಾ ಮಗಾ? ಮುದ್ದೆ ಐತೆ, ಬಾ." ಅಂದು ರಾಗಿಮುದ್ದೆಗೆ ಹುರುಳಿಕಾಳಿನ ಸಾರು. ರಾಗಿಯಲ್ಲಿ ಕಡಿಮೆಯಿರುವ ಲೈಸಿನ್ ಹುರುಳಿಯಲ್ಲಿದೆ. ಹುರುಳಿಯಲ್ಲಿ ಕಡಿಮೆಯಿರುವ ಮೆಥಿಯೋನಿನ್ ರಾಗಿಯಲ್ಲಿದೆ. ಈ ಜೋಡಿಯ ಬೇರು ಆಳವಾದದ್ದು. ಬಳ್ಳಾರಿ ಪಕ್ಕದ ಸಂಗನಕಲ್ಲಿನ ನವಶಿಲಾಯುಗದ ನೆಲೆಯಲ್ಲಿ ಸುಟ್ಟು ಕರಕಲಾದ ಹುರುಳಿ, ಹೆಸರು ಕಾಳುಗಳು ಕಿರುಧಾನ್ಯಗಳ ಜೊತೆಯಲ್ಲೇ ಸಿಕ್ಕಿವೆ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ರಾಗಿ ಹೊಲದ ನಡುವೆ ಅವರೆ, ತೊಗರಿಯ ಸಾಲುಗಳನ್ನು ಬರೆದಿಟ್ಟ. ನಮ್ಮ ರೈತರು ಅದಕ್ಕೆ ಅಕ್ಕಡಿ ಸಾಲು ಎನ್ನುತ್ತಾರೆ. ಹೊಲದಲ್ಲಿ ಜೊತೆಗಿದ್ದವು ತಟ್ಟೆಯಲ್ಲೂ ಜೊತೆಯಾಗುತ್ತವೆ.

ವೇತನ ಕೊನೆಗೂ ಬಂತು. ಪೊಟ್ಟಣ ಈಗಲೂ ಜೇಬಿನಲ್ಲಿದೆ. ಸಂಜೆಯ ಬಸ್ಸಿಗೆ ಅದಕ್ಕಿಂತ ಅಗ್ಗದ ಸಂಗಾತಿ ಇಲ್ಲ. ಹುರುಳಿ ಗುಗ್ಗರಿ, ಹೆಸರುಕಾಳಿನ ಉಸಲಿ ಮಾಡುವುದನ್ನೂ ಕಲಿತಿದ್ದೇನೆ. ಆದರೆ ಇವನ್ನು ಊಟದ ಜಾಗದಲ್ಲಿ ಕೂರಿಸುವುದಿಲ್ಲ. ಮೊದಲು ಮುದ್ದೆ, ಆಮೇಲೆ ಕಡಲೆ.